ಬೀದಿಯ ಕೊನೆಗೆ ನಿಲ್ದಾಣ ಬರುತ್ತಿದೆ: ಅಂಗಡಿ ಉಳಿಸಿಕೊಳ್ಳಲೇ, ಈಗಲೇ ಹೊರಡಲೇ?

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಬಾಡಿಗೆ ಮಳಿಗೆಯಲ್ಲಿ ಲೇಖನ ಸಾಮಗ್ರಿ ಮಾರುತ್ತಾ, ಪುಸ್ತಕಗಳ ಬೈಂಡಿಂಗ್ ಮಾಡಿಕೊಡುತ್ತಾ ಬಂದಿದ್ದೇನೆ. ಮೇಲಿನ ಮಹಡಿಯಲ್ಲೇ ನಮ್ಮ ವಾಸ. ಈಗ ಬೀದಿಯ ಕೊನೆಯಲ್ಲಿ ನೆಲದಡಿಯ ರೈಲು ನಿಲ್ದಾಣ, ಅದರ ಮೇಲೆ ಅಂಗಡಿ, ಕಚೇರಿ, ಮನೆಗಳಿರುವ ದೊಡ್ಡ ಸಂಕೀರ್ಣ ಬರುತ್ತದೆ ಎಂದು ಪ್ರಕಟಣೆ ಹೊರಬಿದ್ದಿದೆ. ಮೂರು ವರ್ಷದಲ್ಲಿ ಮುಗಿಸುತ್ತಾರಂತೆ. ಆಮೇಲೆ ನಮ್ಮ ಬೀದಿಯ ಅರ್ಧ ಭಾಗಕ್ಕೆ ವಾಹನಗಳನ್ನೇ ಬಿಡುವುದಿಲ್ಲವಂತೆ. ನೆರೆಯವರೊಬ್ಬರು ‘ನಿಮಗೆ ಅದೃಷ್ಟ ಖುಲಾಯಿಸಿತು’ ಎನ್ನುತ್ತಾರೆ. ಇನ್ನೊಬ್ಬರು ‘ಗೌರವವಾಗಿ ಈಗಲೇ ಜಾಗ ಖಾಲಿ ಮಾಡಿ’ ಎನ್ನುತ್ತಾರೆ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ವಾಹನದಲ್ಲೇ ಬರುವವರು. ಸಂಕೀರ್ಣದೊಳಗೆ ದೊಡ್ಡ ಮಳಿಗೆ ಬಂದರೆ ನನ್ನ ಗತಿ ಏನು? ಕಟ್ಟಡ ಹಳೆಯದು; ನೆಲ ಅಗೆದರೆ ಬಿರುಕು ಬಿಡುವುದಿಲ್ಲವೇ? ವ್ಯಾಪಾರ ಕುಸಿದರೆ ಅಂಗಡಿಯ ವಿಮೆ ಕೈಹಿಡಿಯುತ್ತದೆಯೇ? ಕರಾರು ಇನ್ನು ಎರಡು ವರ್ಷವಿದೆ. ಅದರ ಮುಂದಿನ ಮಾತನ್ನು ಕೇಳಿದರೆ ಮಾಲೀಕರು ‘ಆಗ ನೋಡೋಣ’ ಎನ್ನುತ್ತಾರೆ. ಈ ವರ್ಷ ಹೊಸ ಬೈಂಡಿಂಗ್ ಯಂತ್ರ ಕೊಂಡು, ಗೋಡೆ ತುಂಬ ಮರದ ಕಪಾಟು ಮಾಡಿಸಬೇಕೆಂದಿದ್ದೆ. ಮಾಡಿಸಲೇ, ಬೇಡವೇ?

(ಹೆಸರು ಬೇಡವೆಂದು ಕೋರಿದ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಪ್ರಶ್ನೆಯಲ್ಲದ ಒಂದು ಸಾಲು: ‘ಕರಾರು ಇನ್ನು ಎರಡು ವರ್ಷವಿದೆ.’ ಅದನ್ನು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ಕಾಮಗಾರಿಗೆ ಮೂರು ವರ್ಷ ಹಿಡಿಯುತ್ತದೆ ಎಂದು ಅವರೇ ಹೇಳುತ್ತಿದ್ದಾರೆ. ಅಂದರೆ ಬೀದಿ ಪೂರ್ತಿ ಅಗೆದುಹೋಗಿ, ಅಂಗಡಿಯ ಮುಂದೆ ತಗಡಿನ ತಡೆ ನಿಂತು, ಧೂಳಿನ ನಡುವೆ ವ್ಯಾಪಾರ ಇಳಿದಿರುವ ಹೊತ್ತಿಗೆ ಸರಿಯಾಗಿ ನಿಮ್ಮ ಕರಾರು ಮುಗಿಯುತ್ತದೆ. ಕೆಟ್ಟ ವರ್ಷಗಳ ನಷ್ಟವನ್ನು ನೀವು ಹೊತ್ತು, ಒಳ್ಳೆಯ ವರ್ಷಗಳ ಹೊಸ್ತಿಲಲ್ಲಿ ಮಾಲೀಕರ ಮರ್ಜಿಗೆ ಕೈಚಾಚಿ ನಿಲ್ಲಬೇಕಾಗುತ್ತದೆ. ವಾಹನ, ದೊಡ್ಡ ಮಳಿಗೆ, ಬಿರುಕು ಎಲ್ಲಕ್ಕೂ ಉತ್ತರಿಸುತ್ತೇನೆ. ಆದರೆ ನಿಮ್ಮ ಭವಿಷ್ಯವನ್ನು ತೀರ್ಮಾನಿಸುವುದು ಆ ಕರಾರು ಪತ್ರ. ನಗರ ಯೋಜನೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಈ ಮಾತನ್ನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಮೊದಲು ಆ ‘ಮೂರು ವರ್ಷ’ದ ಲೆಕ್ಕ. ಅದನ್ನು ನಂಬಿ ಯಾವ ಹಿಸಾಬನ್ನೂ ಹಾಕಬೇಡಿ. ಡೆನ್ಮಾರ್ಕ್ ಮೂಲದ ಸಂಶೋಧಕ ಬೆಂಟ್ ಫ್ಲೂಬ್ಯರ್ಗ್ ಮತ್ತು ಸಂಗಡಿಗರು 20 ದೇಶಗಳ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ಹತ್ತರಲ್ಲಿ ಒಂಬತ್ತು ಯೋಜನೆಗಳಲ್ಲಿ ಖರ್ಚನ್ನು ಕಡಿಮೆ ಅಂದಾಜಿಸಲಾಗಿತ್ತು. ರೈಲು ಯೋಜನೆಗಳಲ್ಲಂತೂ ನಿಜವಾದ ಖರ್ಚು ಅಂದಾಜಿಗಿಂತ ಸರಾಸರಿ ಶೇ 45ರಷ್ಟು ಹೆಚ್ಚಾಗಿತ್ತು. ಅಂದಾಜು ಮೀರಿದ ಕಾಮಗಾರಿ ಹಣಕ್ಕಾಗಿ ಕಾಯುತ್ತದೆ, ಗುತ್ತಿಗೆದಾರರೊಂದಿಗೆ ತಕರಾರು ಶುರುವಾಗುತ್ತದೆ, ದಿನಗಳು ಉರುಳುತ್ತವೆ. ಇನ್ನೊಂದು ಕಾರಣ ನೆಲದಡಿಯಲ್ಲೇ ಇದೆ. ಹಳೆಯ ಬೀದಿಯ ಕೆಳಗೆ ಯಾವ ಕೊಳವೆ, ಯಾವ ತಂತಿ ಎಲ್ಲಿ ಹಾದುಹೋಗಿದೆ ಎಂಬ ಪೂರ್ತಿ ನಕ್ಷೆ ಬಹುತೇಕ ನಗರಗಳ ಬಳಿ ಇರುವುದಿಲ್ಲ. ಅಗೆದಾಗಲೇ ಗೊತ್ತಾಗುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಗರದ ನಡುವಿನ ಜಾರ್ಜ್ ಸ್ಟ್ರೀಟ್‌ನಲ್ಲಿ ಲಘು ರೈಲಿನ (ಬೀದಿಯ ಮೇಲೇ ಹಳಿಗಳಲ್ಲಿ ಓಡುವ ರೈಲು) ಕಾಮಗಾರಿ 2015ರಲ್ಲಿ ಆರಂಭವಾಯಿತು. ಮೊದಲ ಮಾರ್ಗದಲ್ಲಿ ಪ್ರಯಾಣಿಕರು ಹತ್ತಿದ್ದು 2019ರ ಡಿಸೆಂಬರ್‌ನಲ್ಲಿ, ಎರಡನೆಯದರಲ್ಲಿ 2020ರ ಏಪ್ರಿಲ್‌ನಲ್ಲಿ. ನೆಲದಡಿಯ ವಿದ್ಯುತ್ ಕೇಬಲ್‌ಗಳು ಆ ವಿಳಂಬದ ಒಂದು ದೊಡ್ಡ ಕಾರಣವಾಗಿದ್ದವು. ಅಷ್ಟು ದಿನ ತಡೆಗೋಡೆಗಳ ಹಿಂದೆ ಕುಳಿತ ಅಂಗಡಿಯವರು ಪರಿಹಾರ ಕೇಳಿ ನ್ಯಾಯಾಲಯದ ಮೆಟ್ಟಿಲೇರಿದರು.

ಹಾಗಾಗಿ ನಿಮ್ಮ ಲೆಕ್ಕಪುಸ್ತಕದಲ್ಲಿ ಮೂರರ ಜಾಗದಲ್ಲಿ ಐದು ಎಂದು ಬರೆದುಕೊಳ್ಳಿ. ಬೇಗ ಮುಗಿದರೆ ಸಂತೋಷ. ಐದು ವರ್ಷವೂ ನಿಮ್ಮ ಅಂಗಡಿಯ ಮುಂದೆ ಒಂದೇ ಬಗೆಯ ತೊಂದರೆ ಇರುವುದಿಲ್ಲ ಎಂಬುದೂ ನೆನಪಿರಲಿ. ಕಾಮಗಾರಿ ಹಂತಹಂತವಾಗಿ ಸರಿಯುತ್ತದೆ. ಕೊಳವೆ, ತಂತಿಗಳನ್ನು ಬದಿಗೆ ಸಾಗಿಸುವ ಹಂತದಲ್ಲಿ ಇಡೀ ಬೀದಿ ತುಂಡುತುಂಡಾಗಿ ಅಗೆತಕ್ಕೆ ಒಳಗಾಗುತ್ತದೆ. ಮುಖ್ಯ ಗುಂಡಿ ತೋಡುವಾಗ ತೊಂದರೆ ನಿಲ್ದಾಣದ ಸುತ್ತ ದಟ್ಟೈಸುತ್ತದೆ. ಮಣ್ಣು ಸಾಗಿಸುವ ಲಾರಿಗಳ ಕಾಲದಲ್ಲಿ ದಾರಿಯುದ್ದಕ್ಕೂ ಧೂಳು. ಮೇಲಿನ ಕಟ್ಟಡ ಏಳುವಾಗ ಬೀದಿ ಸ್ವಲ್ಪ ಉಸಿರಾಡುತ್ತದೆ. ನಿಮ್ಮ ಅಂಗಡಿಯ ನೇರ ಮುಂಭಾಗ ಯಾವ ಹಂತದಲ್ಲಿ, ಎಷ್ಟು ತಿಂಗಳು ಮುಚ್ಚಿರುತ್ತದೆ ಎಂಬ ಒಂದೇ ಸಂಗತಿ ತಿಳಿದರೆ ನಿಮ್ಮ ಅರ್ಧ ಆತಂಕಕ್ಕೆ ಒಂದು ಆಕಾರ ಬರುತ್ತದೆ. ಅದು ಕಾಮಗಾರಿಯ ಹಂತ ಯೋಜನೆಯಲ್ಲಿ ಮತ್ತು ಸಂಚಾರ ವ್ಯವಸ್ಥೆಯ ನಕ್ಷೆಯಲ್ಲಿ ಇರುತ್ತದೆ. ಬಣ್ಣಬಣ್ಣದ ಪ್ರಚಾರ ಚಿತ್ರಗಳಲ್ಲಿ ಇರುವುದಿಲ್ಲ. ಸಾರ್ವಜನಿಕ ಸಭೆಗೆ ಹೋದರೆ ಆ ನಕ್ಷೆಗಳನ್ನೇ ಹೆಸರಿಟ್ಟು ಕೇಳಿ, ಬರವಣಿಗೆಯಲ್ಲಿ ಕೇಳಿ.

ಅದೇ ಸಭೆಯಲ್ಲಿ ಕೇಳಬೇಕಾದ ಇನ್ನೊಂದು ಮಾತಿದೆ, ಅದನ್ನು ಯಾರೂ ಕೇಳುವುದಿಲ್ಲ: ನಿಲ್ದಾಣದ ಬಾಗಿಲು ಯಾವ ಕಡೆಗೆ ತೆರೆಯುತ್ತದೆ? ‘ನಿಲ್ದಾಣ ಬಂದರೆ ವ್ಯಾಪಾರ ಬರುತ್ತದೆ’ ಎಂದು ನಿಮ್ಮ ನೆರೆಯವರು ಹೇಳುವುದು ಅರ್ಧ ನಿಜ. ವ್ಯಾಪಾರ ಬರುವುದು ನಿಲ್ದಾಣದಿಂದ ಹೊರಬಂದವರ ಕಾಲು ಬೀಳುವ ದಾರಿಗೆ. ಪ್ರವೇಶದ್ವಾರ ನಿಮ್ಮ ಬೀದಿಗೆ ತೆರೆದರೆ ಸಾವಿರಾರು ಜನ ನಿಮ್ಮ ಕಪಾಟಿನ ಮುಂದೆ ಹಾದುಹೋಗುತ್ತಾರೆ. ಸಂಕೀರ್ಣದ ಒಳಗಿನ ಅಂಗಣಕ್ಕೆ ತೆರೆದರೆ ಆ ಸಾವಿರಾರು ಜನ ಒಳಗೇ ಕೊಂಡು, ಒಳಗೇ ತಿಂದು, ಒಳಗಿಂದಲೇ ಮನೆಗೆ ಹೋಗುತ್ತಾರೆ. ನಿಮ್ಮ ಬೀದಿಯ ಪಾಲಿಗೆ ಉಳಿಯುವುದು ಸಂಕೀರ್ಣದ ಹಿಂಗೋಡೆ, ಸರಕು ಇಳಿಸುವ ಲಾರಿಗಳ ಬಾಗಿಲು, ಕಸದ ತೊಟ್ಟಿ. ಬೀದಿಗೆ ಬೆನ್ನು ತಿರುಗಿಸಿ ನಿಂತ ದೊಡ್ಡ ಕಟ್ಟಡ ಎಷ್ಟು ಅಂಗಡಿಗಳ ಜೀವ ಹಿಂಡಿದೆ ಎಂದು ನಾನು ಕಂಡಿದ್ದೇನೆ, ಆ ನೆನಪು ಇಂದಿಗೂ ನನಗೆ ಹಿತವಲ್ಲ. ಆರಂಭದ ದಿನಗಳಲ್ಲಿ ಅಂಥದೇ ಒಂದು ಸಂಕೀರ್ಣದ ನಕ್ಷೆಯ ಸಭೆಯಲ್ಲಿ ನಾನೂ ಇದ್ದೆ. ಎತ್ತರ ಎಷ್ಟು, ವಾಹನ ನಿಲುಗಡೆ ಎಷ್ಟು ಎಂದು ಎರಡು ಗಂಟೆ ವಾದ ನಡೆಯಿತು. ಬಾಗಿಲಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನಾನೂ ಎತ್ತಲಿಲ್ಲ. ಮುಂದೆ ಆ ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಕ್ಷೆ ಅಂತಿಮವಾಗುವ ಮೊದಲು ಬಾಗಿಲಿನ ದಿಕ್ಕು ಬದಲಾಯಿಸುವುದು ಗೆರೆ ಎಳೆದಷ್ಟು ಸುಲಭ. ಕಾಂಕ್ರೀಟ್ ಸುರಿದ ಮೇಲೆ ಆಗದು. ನಿಮ್ಮ ಬೀದಿಯ ಅಂಗಡಿಯವರೆಲ್ಲ ಸೇರಿ ಒಂದೇ ಒಂದು ಬೇಡಿಕೆ ಇಡಬಹುದಾದರೆ ಇದನ್ನೇ ಇಡಿ.

ಈಗ ವಾಹನದ ಮಾತು. ‘ಗಿರಾಕಿಗಳಲ್ಲಿ ಹೆಚ್ಚಿನವರು ವಾಹನದಲ್ಲೇ ಬರುತ್ತಾರೆ’ ಎಂಬುದನ್ನು ನಾನು ಕೇಳದ ಊರಿಲ್ಲ. ನೀವು ಸುಳ್ಳು ಹೇಳುತ್ತಿಲ್ಲ. ವಾಹನದಲ್ಲಿ ಬಂದವರು ಕಣ್ಣಿಗೆ ಬೀಳುತ್ತಾರೆ, ಎಲ್ಲಿ ನಿಲ್ಲಿಸಲಿ ಎಂದು ಕೇಳುತ್ತಾರೆ, ಗೊಣಗುತ್ತಾರೆ. ನಡೆದು ಬಂದವರು ಕೊಂಡು ಸುಮ್ಮನೆ ಹೋಗುತ್ತಾರೆ. ಹಾಗಾಗಿ ಅಂದಾಜು ತಪ್ಪುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಒಂದು ವ್ಯಾಪಾರಿ ಬೀದಿಯಲ್ಲಿ 2006ರ ಸುಮಾರಿಗೆ ಕೇಳಿ ನೋಡಿದಾಗ, ಶೇ 41ರಷ್ಟು ಗಿರಾಕಿಗಳು ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಎಣಿಸಿದ್ದರು. ಗಿರಾಕಿಗಳನ್ನೇ ಕೇಳಿದರೆ ಕಾರಿನಲ್ಲಿ ಬಂದವರು ಶೇ 22 ಮಾತ್ರ. ಆಸ್ಟ್ರಿಯಾದ ಗ್ರಾಜ್‌ನಲ್ಲೂ ಇದೇ ಕಥೆ: ಅಂಗಡಿಯವರ ಅಂದಾಜು ಶೇ 58, ವಾಸ್ತವ ಶೇ 32.

ಕೋಪನ್‌ಹೇಗನ್‌ನ ಸ್ಟ್ರಾಯೆಟ್ ಬೀದಿಗೆ 1962ರ ನವೆಂಬರ್‌ನಲ್ಲಿ ವಾಹನಗಳನ್ನು ನಿಲ್ಲಿಸಿದಾಗ ಅಲ್ಲಿನ ವ್ಯಾಪಾರಿಗಳು ಕಡುವಾಗಿ ವಿರೋಧಿಸಿದ್ದರು. ಒಂದು ಕಿಲೋಮೀಟರಿಗೂ ಮಿಗಿಲು ಉದ್ದದ ಬೀದಿ ಅದು. ಮೊದಲು ಪ್ರಯೋಗವೆಂದೇ ಆರಂಭಿಸಿದ್ದನ್ನು 1964ರಲ್ಲಿ ಕಾಯಂ ಮಾಡಿದರು. ಇಂದು ಅದು ಆ ನಗರದ ಅತಿ ಹೆಚ್ಚು ಜನ ಓಡಾಡುವ ಮಾರುಕಟ್ಟೆ ಬೀದಿಗಳಲ್ಲೊಂದು. ಆದರೆ ಈ ಉದಾಹರಣೆಯನ್ನು ತೋರಿಸಿ ‘ನಿಮಗೆ ಏನೂ ಆಗುವುದಿಲ್ಲ’ ಎಂದು ಸಭೆಗಳಲ್ಲಿ ಸಮಾಧಾನ ಹೇಳುವವರ ಮಾತನ್ನು ಹಾಗೆಯೇ ಒಪ್ಪಲಾರೆ. ಬೀದಿಯ ಒಟ್ಟು ವ್ಯಾಪಾರ ಹೆಚ್ಚಾದರೂ ಅದು ಹಿಂದಿನ ಅಂಗಡಿಗಳಿಗೇ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಅಲೆದಾಡುತ್ತಾ ಕೊಳ್ಳುವ ಬಟ್ಟೆ, ತಿಂಡಿ, ಉಡುಗೊರೆಗಳ ಅಂಗಡಿಗಳಿಗೆ ನಡಿಗೆಯ ಬೀದಿ ಒಲಿಯುತ್ತದೆ. ಭಾರದ ಸರಕು ಮಾರುವವರಿಗೆ ಕಷ್ಟ. ನೀವು ಈ ಎರಡರ ನಡುವೆ ಇದ್ದೀರಿ. ಪೆನ್ನು, ನೋಟ್‌ಬುಕ್ ಕೊಳ್ಳುವವರು ನಡೆದು ಬರುತ್ತಾರೆ. ಕಚೇರಿಗೆ ಹತ್ತು ಕಟ್ಟು ಕಾಗದ ಬೇಕಾದವರು, ನೂರು ಪುಸ್ತಕ ಬೈಂಡಿಂಗ್‌ಗೆ ತರುವವರು ನಡೆದು ಬರಲಾರರು.

ಆದ್ದರಿಂದ ಅಂದಾಜು ಬಿಟ್ಟು ಎಣಿಸಿ. ಎರಡು ವಾರ, ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಗಿರಾಕಿಗೂ ಒಂದು ಗೆರೆ: ಹೇಗೆ ಬಂದರು, ಎಲ್ಲಿಂದ ಬಂದರು, ಎಷ್ಟು ಮೊತ್ತದ ಸರಕು ಕೊಂಡರು. ಹಿಂದೊಮ್ಮೆ ಹೀಗೆ ಎಣಿಸಿದ ಅಂಗಡಿಯವರೊಬ್ಬರು ತಮ್ಮ ಆದಾಯದ ದೊಡ್ಡ ಪಾಲು ಬಾಗಿಲಿಗೆ ಬರುವವರಿಂದ ಬರುತ್ತಲೇ ಇಲ್ಲ, ಫೋನಿನಲ್ಲಿ ಹೇಳಿ ತರಿಸಿಕೊಳ್ಳುವ ನಾಲ್ಕೈದು ಸಂಸ್ಥೆಗಳಿಂದ ಬರುತ್ತಿದೆ ಎಂದು ಕಂಡುಕೊಂಡು ಬೆರಗಾದರು. ಅಂಥವರಿಗೆ ಬೀದಿ ಮುಚ್ಚಿದರೂ ತೆರೆದರೂ ಹೆಚ್ಚಿನ ವ್ಯತ್ಯಾಸವಿಲ್ಲ. ಅವರಿಗೆ ಬೇಕಿರುವುದು ಬೆಳಗ್ಗೆ ಒಂದು ಗಂಟೆ ಸರಕಿನ ಗಾಡಿ ಒಳಬರುವ ಅನುಮತಿ. ನಡಿಗೆಯ ಬೀದಿಗಳಲ್ಲಿ ನಿಗದಿತ ಹೊತ್ತಿನಲ್ಲಿ ಸರಕು ಗಾಡಿಗಳನ್ನು ಬಿಡುವುದು ಸಾಮಾನ್ಯ ಏರ್ಪಾಡು. ಮೊದಲೇ ಕೇಳಿದರೆ ನಿಯಮದಲ್ಲಿ ಸೇರುತ್ತದೆ. ಈ ನೋಟ್‌ಬುಕ್‌ಗೆ ಇನ್ನೊಂದು ಉಪಯೋಗವೂ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ದೊಡ್ಡ ಮಳಿಗೆಯ ಭಯ ಪೊಳ್ಳಲ್ಲ, ಆದರೆ ಅದು ಎಲ್ಲರನ್ನೂ ಒಂದೇ ರೀತಿ ಕಾಡುವುದಿಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ವಾಲ್‌ಮಾರ್ಟ್ ಮಳಿಗೆಗಳು ಬಂದ ಪಟ್ಟಣಗಳನ್ನು ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ 1980ರ ದಶಕದ ಕೊನೆಯಿಂದ ವರ್ಷಗಟ್ಟಲೆ ಅಧ್ಯಯನ ಮಾಡಿದರು. ದೊಡ್ಡ ಮಳಿಗೆಯಲ್ಲಿ ಸಿಗುವ ಸರಕನ್ನೇ ಮಾರುತ್ತಿದ್ದವರು ಸೊರಗಿದರು. ಅಲ್ಲಿ ಸಿಗದ್ದನ್ನು ಮಾರುತ್ತಿದ್ದವರಿಗೆ, ಆ ಮಳಿಗೆಗೆಂದು ಬಂದ ಜನರಿಂದಲೇ ಲಾಭವಾಯಿತು. ನಿಮ್ಮ ಅಂಗಡಿಯನ್ನು ಈ ಕಣ್ಣಿನಿಂದ ನೋಡಿ. ಪೆನ್ನು, ಕಾಗದ, ಫೈಲುಗಳಲ್ಲಿ ದೊಡ್ಡ ಮಳಿಗೆಯೊಂದಿಗೆ ಬೆಲೆಯ ಪೈಪೋಟಿಗೆ ಇಳಿದು ನೀವು ಗೆಲ್ಲಲಾರಿರಿ. ಹರಿದ ಪುಸ್ತಕವನ್ನು ಹೊಲಿದು, ಬೆನ್ನು ಕೂರಿಸಿ, ಮತ್ತೆ ಇಪ್ಪತ್ತು ವರ್ಷ ಬಾಳುವಂತೆ ಮಾಡುವ ಕೈ ಆ ಮಳಿಗೆಯಲ್ಲಿ ಇರುವುದಿಲ್ಲ. ಮೇಲೆ ಬರುವ ಕಚೇರಿಗಳಿಗೆ ವರದಿ, ಲೆಕ್ಕಪತ್ರ, ಕಡತಗಳ ಬೈಂಡಿಂಗ್ ಬೇಕಾಗುತ್ತದೆ. ನೀವು ಬದಿಯ ಕೆಲಸವೆಂದು ಬರೆದಿರುವ ಬೈಂಡಿಂಗ್ ನಿಮ್ಮ ಮುಂದಿನ ದಿನಗಳ ಮುಖ್ಯ ಕಸುಬಾಗಬಹುದು ಎಂದು ನನಗೆ ಅನ್ನಿಸುತ್ತದೆ.

ಕಟ್ಟಡದ ಬಿರುಕಿಗೆ ಬರೋಣ. ನೀವು ಮೇಲೆಯೇ ವಾಸವಿರುವುದರಿಂದ ಈ ಚಿಂತೆ ರಾತ್ರಿಯೂ ಬಿಡುವುದಿಲ್ಲ ಎಂದು ಬಲ್ಲೆ. ಮೊದಲ ಮಾತು: ಮನುಷ್ಯರ ಮೈ ಕಂಪನವನ್ನು ಬಹಳ ಬೇಗ ಗುರುತಿಸುತ್ತದೆ. ಸೆಕೆಂಡಿಗೆ 0.3 ಮಿಲಿಮೀಟರ್‌ನಷ್ಟು ವೇಗದ ಕಂಪನವೇ ಮನೆಯೊಳಗೆ ಕುಳಿತವರಿಗೆ ತಿಳಿಯಬಹುದು. ವಾಸದ ಕಟ್ಟಡಗಳ ಅಡಿಪಾಯಕ್ಕೆ ಕಡಿಮೆ ಆವರ್ತನದಲ್ಲಿ, ಅಂದರೆ ಸೆಕೆಂಡಿಗೆ ಕೆಲವೇ ಬಾರಿ ಅಲುಗುವ ಕಂಪನಕ್ಕೆ, ಜರ್ಮನಿಯ ಡಿಐಎನ್ 4150 ಮಾನದಂಡ ಹಾಕಿರುವ ಮಿತಿ ಸೆಕೆಂಡಿಗೆ 5 ಮಿಲಿಮೀಟರ್. ಅಂದರೆ ಲೋಟ ಸದ್ದು ಮಾಡಿದ ಮಾತ್ರಕ್ಕೆ ಗೋಡೆ ಸೀಳುವುದಿಲ್ಲ. ಶಿಥಿಲವಾದ ಅಥವಾ ಪಾರಂಪರಿಕ ಕಟ್ಟಡಗಳಿಗೆ ಮಿತಿ ಇನ್ನೂ ಕೆಳಗಿದೆ, ನಿಮ್ಮದು ಯಾವ ಬಗೆಯದು ಎಂಬುದನ್ನು ರಚನಾ ಎಂಜಿನಿಯರ್ ಒಬ್ಬರು ನೋಡಿ ಹೇಳಬೇಕು.

ನಾನು ಕಂಪನಕ್ಕಿಂತ ಹೆಚ್ಚು ಗಮನ ಕೊಡುವುದು ನೀರಿಗೆ. ಆಳದ ಗುಂಡಿಯನ್ನು ಒಣದಾಗಿಡಲು ಸುತ್ತಲಿನ ಅಂತರ್ಜಲವನ್ನು ಪಂಪು ಮಾಡಿ ಹೊರಹಾಕುತ್ತಾರೆ. ಜೇಡಿಮಣ್ಣಿನ ನೆಲದಲ್ಲಿ ನೀರು ಇಳಿದಂತೆ ನೆಲವೂ ನಿಧಾನವಾಗಿ ಕುಸಿಯುತ್ತದೆ. ಕಟ್ಟಡದ ಎಲ್ಲ ಮೂಲೆಗಳೂ ಒಂದೇ ಸಮ ಇಳಿದರೆ ಅಷ್ಟು ಅಪಾಯವಿಲ್ಲ, ಒಂದು ಮೂಲೆ ಮಾತ್ರ ಇಳಿದರೆ ಗೋಡೆಯಲ್ಲಿ ಓರೆ ಬಿರುಕುಗಳು ಮೂಡುತ್ತವೆ. ಅತಿ ಕೆಟ್ಟದ್ದು ಹೇಗಿರುತ್ತದೆ ಎಂಬುದಕ್ಕೆ ಜರ್ಮನಿಯ ಕಲೋನ್ ನಗರ ಸಾಕ್ಷಿ. 2009ರ ಮಾರ್ಚ್‌ನಲ್ಲಿ ಅಲ್ಲಿ ಸುರಂಗ ರೈಲಿನ ಕಾಮಗಾರಿಯ ಪಕ್ಕದಲ್ಲಿದ್ದ ನಗರದ ದಾಖಲೆಗಳ ಭಂಡಾರವೇ ಕುಸಿಯಿತು. ಅಕ್ಕಪಕ್ಕದ ಮನೆಗಳೂ ಬಿದ್ದು ಇಬ್ಬರು ತೀರಿಕೊಂಡರು. ಗುಂಡಿಯ ಸುತ್ತಲಿನ ನೆಲದಡಿಯ ಗೋಡೆಯಲ್ಲಿ ದೋಷವಿದ್ದುದು ತನಿಖೆಯಲ್ಲಿ ಹೊರಬಂತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ, ಇಂಥದು ಬಹಳ ಅಪರೂಪ. ನೆಲದ ಮಟ್ಟವನ್ನೂ ಅಂತರ್ಜಲದ ಮಟ್ಟವನ್ನೂ ನಿರಂತರವಾಗಿ ಅಳೆಯಿರಿ ಎಂದು ಕೇಳುವ ಹಕ್ಕು ನಿಮಗಿದೆ, ಹಾಗೆ ಕೇಳುವುದು ಅತಿರೇಕವೂ ಅಲ್ಲ ಎಂಬುದಕ್ಕಾಗಿ ಹೇಳಿದೆ.

ನಿಮ್ಮ ಕೈಯಲ್ಲಿರುವ ಕೆಲಸವೊಂದಿದೆ, ಮೊದಲ ಯಂತ್ರ ಬರುವ ಮುನ್ನ ಆಗಬೇಕಾದ್ದು. ಕಟ್ಟಡದ ಪೂರ್ವಸ್ಥಿತಿಯ ತಪಾಸಣೆ. ಪ್ರತಿ ಕೋಣೆ, ಪ್ರತಿ ಗೋಡೆ, ಈಗಾಗಲೇ ಇರುವ ಪ್ರತಿ ಬಿರುಕಿನ ಉದ್ದ ಅಗಲ, ದಿನಾಂಕ ಸಹಿತ ಚಿತ್ರಗಳು. ಯೋಜನೆಯವರೇ ಮಾಡಿಕೊಡುವುದುಂಟು. ಮಾಡಿದರೆ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಮಾಡದಿದ್ದರೆ ಮಾಲೀಕರನ್ನು ಜೊತೆಗೂಡಿಸಿಕೊಂಡು ನೀವೇ ಮಾಡಿಸಿ. ಇಲ್ಲಿ ಮಾಲೀಕರಿಗೂ ನಿಮಗೂ ಹಿತ ಒಂದೇ. ಎರಡು ವರ್ಷದ ನಂತರ ಬಿರುಕೊಂದನ್ನು ತೋರಿಸಿದಾಗ ‘ಇದು ಮೊದಲೇ ಇತ್ತು’ ಎಂಬ ಉತ್ತರ ಬಂದೇ ಬರುತ್ತದೆ, ಆಗ ಮಾತಾಡುವುದು ಈ ಕಾಗದ ಮಾತ್ರ.

ವಿಮೆಯ ವಿಚಾರದಲ್ಲಿ ನಿಮಗೆ ನಿರಾಸೆಯಾಗುತ್ತದೆ. ವ್ಯಾಪಾರ ನಿಂತಾಗ ಆದಾಯ ತುಂಬಿಕೊಡುವ ವಿಮೆಗಳು ಸಾಮಾನ್ಯವಾಗಿ ನಿಮ್ಮ ಆಸ್ತಿಗೆ ಬೆಂಕಿ, ನೀರು ಮುಂತಾದವುಗಳಿಂದ ಭೌತಿಕ ಹಾನಿಯಾದರೆ ಮಾತ್ರ ಕೆಲಸ ಮಾಡುತ್ತವೆ. ಬೀದಿ ಅಗೆದು ಗಿರಾಕಿ ಬರಲಿಲ್ಲ ಎಂಬುದು ಆ ಲೆಕ್ಕಕ್ಕೆ ಸೇರುವುದಿಲ್ಲ. ಪಾಲಿಸಿಯನ್ನು ಓದಿಸಿ ಖಚಿತಪಡಿಸಿಕೊಳ್ಳಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ. ಉಳಿಯುವ ದಾರಿ ಯೋಜನೆಯವರಿಂದಲೇ ಪರಿಹಾರ. ಕೆಲವು ನಗರಗಳಲ್ಲಿ ಕಾಮಗಾರಿ ಕಾಲದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೆರವಿನ ನಿಧಿ ಇರುತ್ತದೆ, ಕೆಲವೆಡೆ ನ್ಯಾಯಾಲಯಕ್ಕೆ ಹೋಗುವವರೆಗೆ ಏನೂ ಇರುವುದಿಲ್ಲ. ಎಲ್ಲಿಯಾದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಮೊದಲು ನಿಮ್ಮ ವ್ಯಾಪಾರ ಎಷ್ಟಿತ್ತು, ಈಗ ಎಷ್ಟಿದೆ? ಆಗ ಆ ನೋಟ್‌ಬುಕ್ ಮತ್ತು ಕಾಮಗಾರಿಗೆ ಮುಂಚಿನ ಎರಡು ಮೂರು ವರ್ಷಗಳ ತಿಂಗಳವಾರು ಲೆಕ್ಕ ನಿಮ್ಮ ಸಾಕ್ಷಿಗಳು. ಲೆಕ್ಕವಿಲ್ಲದೆ ನಷ್ಟವನ್ನು ಸಾಬೀತು ಮಾಡಲಾಗದೆ ಬರಿಗೈಯಲ್ಲಿ ಹಿಂತಿರುಗಿದ ಪ್ರಾಮಾಣಿಕರನ್ನು ನೋಡಿ ಸಂಕಟಪಟ್ಟಿದ್ದೇನೆ.

ಇನ್ನು ಬಾಡಿಗೆ. ಹೊಸ ಯೋಜನೆ ಬಂದರೆ ಸುತ್ತಲಿನ ಬಾಡಿಗೆಗಳೆಲ್ಲ ಏರುತ್ತವೆ ಎಂಬುದು ಇನ್ನೊಂದು ಅರ್ಧ ಸತ್ಯ. ಉಳ್ಳವರು ಬಂದು ನೆಲೆಸಿ ಹಳಬರು ಹೊರಬೀಳುವ ಬೆಳವಣಿಗೆಗೆ ಲಂಡನ್ನಿನ ಬಡಾವಣೆಗಳನ್ನು ನೋಡಿ 1964ರಲ್ಲಿ ‘ಜೆಂಟ್ರಿಫಿಕೇಶನ್’ ಎಂಬ ಹೆಸರು ಕೊಟ್ಟವರು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್. ಆ ಭಯ ನಿಜ. ಹಾಗಿದ್ದರೂ ಮನೆಗಳ ಮಟ್ಟಿಗೆ ಹೊಸ ಕಟ್ಟಡಗಳು ಪೂರೈಕೆಯನ್ನೂ ಹೆಚ್ಚಿಸುತ್ತವೆ. ಅಮೆರಿಕದ ಹಲವು ನಗರಗಳ ಕಡಿಮೆ ಆದಾಯದ ಪ್ರದೇಶಗಳಲ್ಲಿ ದೊಡ್ಡ ವಸತಿ ಕಟ್ಟಡಗಳು ಬಂದಾಗ, ತೀರಾ ಹತ್ತಿರದ ಮನೆಗಳ ಬಾಡಿಗೆ ಅವು ಬರದಿದ್ದರೆ ಇರುತ್ತಿದ್ದುದಕ್ಕಿಂತ ಶೇ 5ರಿಂದ 7ರಷ್ಟು ಕಡಿಮೆಯಾಗಿದ್ದನ್ನು ಅರ್ಥಶಾಸ್ತ್ರಜ್ಞರು ಕಂಡಿದ್ದಾರೆ. ಈ ಸಮಾಧಾನ ನಿಮ್ಮ ಮೇಲಿನ ಮಹಡಿಗೆ ಸ್ವಲ್ಪ ಮಟ್ಟಿಗೆ ಅನ್ವಯಿಸೀತು, ಕೆಳಗಿನ ಅಂಗಡಿಗೆ ಅನ್ವಯಿಸುವುದಿಲ್ಲ. ಮಹಡಿ ಮೇಲೆ ಮಹಡಿ ಏರಿಸಿ ಮನೆಗಳನ್ನು ಹೆಚ್ಚಿಸಬಹುದು, ನಿಲ್ದಾಣದ ದಾರಿಯ ನೆಲಮಹಡಿಯ ಬಾಗಿಲುಗಳನ್ನು ಹಾಗೆ ಹೆಚ್ಚಿಸಲಾಗದು. ಕಾಲ್ನಡಿಗೆ ಹೆಚ್ಚಾದ ಕಡೆ ಆ ಬಾಗಿಲಿನ ಬೆಲೆ ಏರಿಯೇ ಏರುತ್ತದೆ. ಮಾಲೀಕರು ‘ಆಗ ನೋಡೋಣ’ ಎನ್ನುವುದರ ಒಳಗಿನ ಅರ್ಥ ಇದೇ. ಅವರನ್ನು ದೂರುವುದಿಲ್ಲ. ಅವರ ಜಾಗದಲ್ಲಿದ್ದರೆ ಬಹುಪಾಲು ಜನ ಹಾಗೆಯೇ ಕಾಯುತ್ತಾರೆ.

ಇಷ್ಟರ ಮೇಲೆ ನಿಮ್ಮ ಮುಂದಿರುವ ದಾರಿಗಳು. ಈಗಲೇ ಹೊರಡುವುದು ಒಂದು. ಬಾಡಿಗೆ ಕಡಿಮೆಯಿರುವ ಕಡೆ ನೆಲೆ ಸಿಗಬಹುದು. ಆದರೆ ಹದಿನಾಲ್ಕು ವರ್ಷ ಕಟ್ಟಿದ ಪರಿಚಯಗಳಲ್ಲಿ ಒಂದು ಪಾಲು ಹಿಂದೆಯೇ ಉಳಿಯುತ್ತದೆ. ನೋಟ್‌ಬುಕ್ ತೋರಿಸಿದ ಪ್ರಕಾರ ಆದಾಯ ಹೆಚ್ಚಾಗಿ ಸಂಸ್ಥೆಗಳ ಸರಬರಾಜಿನಿಂದ ಬರುತ್ತಿದ್ದರೆ ಇದು ಕೆಟ್ಟ ಆಯ್ಕೆಯಲ್ಲ. ಕರಾರು ಮುಗಿಯುವವರೆಗೆ ಇದ್ದು ನೋಡುವುದು ಇನ್ನೊಂದು. ಎಲ್ಲರೂ ಸಹಜವಾಗಿ ಮಾಡುವುದು ಇದನ್ನೇ, ನನ್ನ ಪ್ರಕಾರ ಅತ್ಯಂತ ಅಪಾಯದ ದಾರಿಯೂ ಇದೇ. ಕಾರಣವನ್ನು ಆರಂಭದಲ್ಲೇ ಹೇಳಿದೆ.

ನಾನು ನಿಮಗೆ ಹೇಳುವುದು ಮೂರನೆಯದನ್ನು: ಕಾಮಗಾರಿ ಶುರುವಾಗುವ ಮೊದಲೇ ಮಾಲೀಕರೊಂದಿಗೆ ಕುಳಿತು ಕರಾರನ್ನು ಹೊಸದಾಗಿ ಬರೆಸಿಕೊಳ್ಳಿ. ಇಂದು ನಿಮ್ಮ ಮಾತಿಗೆ ತೂಕವಿದೆ. ಅಗೆತದ ಐದು ವರ್ಷ ಈ ಮಳಿಗೆಗೆ ಹೊಸ ಬಾಡಿಗೆದಾರರು ಬರುವುದು ಕಷ್ಟ ಎಂದು ಅವರಿಗೂ ಗೊತ್ತು. ಖಾಲಿ ಬಿದ್ದ ಮಳಿಗೆಗಿಂತ ಬಾಡಿಗೆ ಸ್ವಲ್ಪ ಇಳಿಸಿದರೂ ನಿಲ್ಲುವ ಹಳೆಯ ಬಾಡಿಗೆದಾರರು ಅವರಿಗೆ ಮೇಲು. ಕೆಟ್ಟ ವರ್ಷಗಳಲ್ಲಿ ಅವರ ಮಳಿಗೆಯ ದೀಪ ಉರಿಸುವ ಭರವಸೆ ನೀವು ಕೊಡಿ, ಒಳ್ಳೆಯ ವರ್ಷಗಳ ಪಾಲನ್ನು ಕೇಳಿ. ಹತ್ತು ವರ್ಷದ ಅವಧಿ ಕೇಳಿ, ಎಂಟಕ್ಕೆ ಒಪ್ಪಿದರೂ ಸರಿ. ಅಂಗಡಿಯ ಮುಂಭಾಗ ಮುಚ್ಚಿರುವ ತಿಂಗಳುಗಳಲ್ಲಿ ಬಾಡಿಗೆ ಇಷ್ಟು ಭಾಗ ಇಳಿಯುತ್ತದೆ ಎಂದು ದಿನಾಂಕಕ್ಕೆ ಕಟ್ಟದೆ ವಾಸ್ತವಕ್ಕೆ ಕಟ್ಟಿ ಬರೆಸಿ. ‘ಒಂದು ವರ್ಷ ರಿಯಾಯಿತಿ’ ಎಂದು ಬರೆದರೆ ಕಾಮಗಾರಿ ತಡವಾಗಿ ಆರಂಭವಾಗಿ ಆ ವರ್ಷ ಸುಮ್ಮನೆ ಕಳೆದುಹೋಗುತ್ತದೆ. ಮುಂದಿನ ಏರಿಕೆಗೆ ಒಂದು ಮೇಲ್ಮಿತಿ ಇರಲಿ. ಅಂಗಡಿಯನ್ನು ಇನ್ನೊಬ್ಬರಿಗೆ ವಹಿಸುವ ಹಕ್ಕು ನಿಮಗಿರಲಿ. ಏನೂ ಕೂಡಿಬರದಿದ್ದರೆ ಉಳಿದ ಅವಧಿಯನ್ನಾದರೂ ಮೌಲ್ಯಕ್ಕೆ ಬಿಟ್ಟುಕೊಡಬಹುದು.

ಒಂದು ಷರತ್ತನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿ. ಕಟ್ಟಡ ಕೆಡವಿ ಮರುನಿರ್ಮಾಣ ಮಾಡುವುದಾದರೆ ಇಷ್ಟು ತಿಂಗಳ ಸೂಚನೆ ಕೊಟ್ಟು ಕರಾರು ರದ್ದು ಮಾಡಬಹುದು ಎಂಬ ಸಾಲು ಹಲವು ಕರಾರುಗಳ ಕೊನೆಯ ಪುಟಗಳಲ್ಲಿ ಅಡಗಿರುತ್ತದೆ. ನಿಲ್ದಾಣದ ಪಕ್ಕದ ಹಳೆಯ ಕಟ್ಟಡದ ಮಟ್ಟಿಗೆ ಅದು ದೂರದ ಸಾಧ್ಯತೆಯಲ್ಲ. ಆ ಸಾಲು ಇದ್ದರೆ ಹತ್ತು ವರ್ಷದ ಕರಾರು ನಿಜದಲ್ಲಿ ಆರು ತಿಂಗಳ ಕರಾರು. ಅದನ್ನು ತೆಗೆಸಿ. ತೆಗೆಯಲು ಒಪ್ಪದಿದ್ದರೆ ಹೊಸ ಕಟ್ಟಡದಲ್ಲಿ ಮೊದಲ ಹಕ್ಕನ್ನೋ ಪರಿಹಾರವನ್ನೋ ಅದಕ್ಕೆ ಜೋಡಿಸಿ ಬರೆಸಿ.

ಇಲ್ಲಿ ನಿಮ್ಮ ಪ್ರದೇಶದ ಕಾನೂನು ಬಲ್ಲ ವಕೀಲರು ಬೇಕು, ಏಕೆಂದರೆ ನಿಯಮಗಳು ದೇಶದಿಂದ ದೇಶಕ್ಕೆ ಅಜಗಜಾಂತರ. ಫ್ರಾನ್ಸ್‌ನಲ್ಲಿ ಸಾಮಾನ್ಯ ವಾಣಿಜ್ಯ ಕರಾರಿನ ಅವಧಿ ಕನಿಷ್ಠ 9 ವರ್ಷ, ನವೀಕರಿಸಲು ಒಲ್ಲದ ಮಾಲೀಕರು ಬಹುಪಾಲು ಸಂದರ್ಭಗಳಲ್ಲಿ ಪರಿಹಾರ ಕೊಡಬೇಕು. ಇಂಗ್ಲೆಂಡಿನಲ್ಲಿ 1954ರ ಕಾಯ್ದೆ ವ್ಯಾಪಾರಿ ಬಾಡಿಗೆದಾರರಿಗೆ ನವೀಕರಣದ ಹಕ್ಕು ಕೊಟ್ಟಿದೆ, ಆದರೆ ಇಬ್ಬರೂ ಒಪ್ಪಿದರೆ ಆ ಹಕ್ಕನ್ನು ಬಿಟ್ಟು ಕರಾರು ಮಾಡಿಕೊಳ್ಳಲು ಅವಕಾಶವಿದೆ. ಎಷ್ಟೋ ಮಂದಿ ಓದದೆ ಅದಕ್ಕೆ ಸಹಿ ಹಾಕಿರುತ್ತಾರೆ. ಎಷ್ಟೋ ಕಡೆ ಕರಾರಿನಲ್ಲಿ ಬರೆದದ್ದರ ಆಚೆಗೆ ಯಾವ ರಕ್ಷಣೆಯೂ ಇಲ್ಲ.

ನೀವು ಒಬ್ಬರೇ ಹೊರಬೇಕಾದ ಭಾರವಲ್ಲ ಇದು. ಪ್ಯಾರಿಸ್ ನಗರಾಡಳಿತ 2004ರಿಂದ ತನ್ನ ಸಂಸ್ಥೆಯೊಂದರ ಮೂಲಕ ಆಯ್ದ ಬೀದಿಗಳ ಮಳಿಗೆಗಳನ್ನು ತಾನೇ ಕೊಂಡು ಸಣ್ಣ ವ್ಯಾಪಾರಿಗಳಿಗೆ, ಕುಶಲಕರ್ಮಿಗಳಿಗೆ ಬಾಡಿಗೆಗೆ ಕೊಟ್ಟಿತು. ಪುಸ್ತಕದಂಗಡಿಗಳೂ ಅದರಲ್ಲಿ ಸೇರಿದ್ದವು. ಸ್ಯಾನ್ ಫ್ರಾನ್ಸಿಸ್ಕೊ 2015ರಲ್ಲಿ ಮತದಾನದ ಮೂಲಕ ಹಳೆಯ ಅಂಗಡಿಗಳಿಗೊಂದು ನಿಧಿ ಮಾಡಿತು, ಅಂಥವರಿಗೆ ಹತ್ತು ವರ್ಷದ ಕರಾರು ಕೊಡುವ ಮಾಲೀಕರಿಗೂ ಅದರಿಂದ ಸಹಾಯಧನ. ಈ ಎರಡನೆಯ ಏರ್ಪಾಡು ನನಗೆ ತುಂಬ ಹಿಡಿಸಿದ್ದು, ಮಾಲೀಕರನ್ನು ಎದುರಾಳಿ ಮಾಡದೆ ಒಳಗೊಂಡಿತು ಎಂಬ ಕಾರಣಕ್ಕೆ. ನಿಮ್ಮ ನಗರದಲ್ಲಿ ಇಂಥದು ಇಲ್ಲದಿದ್ದರೆ, ಬೀದಿಯವರೆಲ್ಲ ಸೇರಿ ಬಾಗಿಲಿನ ದಿಕ್ಕನ್ನು ಕೇಳುವ ಅರ್ಜಿಯಲ್ಲೇ ಇದನ್ನೂ ಕೇಳಿ. ಯೋಜನೆಗೆ ಒಪ್ಪಿಗೆ ಸಿಗುವ ಮುಂಚಿನ ಕೆಲವು ತಿಂಗಳು ಮಾತ್ರ ಅಧಿಕಾರಿಗಳಿಗೆ ನಿಮ್ಮ ಸಹಕಾರ ಬೇಕಿರುತ್ತದೆ.

ಇನ್ನು ಯಂತ್ರ ಮತ್ತು ಕಪಾಟು. ಯಂತ್ರ ಕೊಳ್ಳಿ. ಬೈಂಡಿಂಗ್ ಕೆಲಸವೇ ನಿಮ್ಮನ್ನು ದೊಡ್ಡ ಮಳಿಗೆಯಿಂದ ಬೇರೆ ಮಾಡುವುದು, ಅಗೆತದ ವರ್ಷಗಳಲ್ಲಿ ಬಾಗಿಲಿಗೆ ಬರುವವರು ಕಡಿಮೆಯಾದಾಗ ಸಂಸ್ಥೆಗಳಿಂದ ಕೆಲಸ ತಂದು ನಡೆಸಲು ಅದೇ ಬೇಕು. ಎಲ್ಲಿಗೆ ಹೋದರೂ ಅದು ನಿಮ್ಮ ಜೊತೆ ಬರುತ್ತದೆ. ಗೋಡೆಗೆ ಕೂರಿಸುವ ಕಪಾಟಿಗೆ ಈಗ ಹಣ ಹಾಕಬೇಡಿ, ಅದು ಮಾಲೀಕರ ಗೋಡೆ. ಹೊಸ ಕರಾರಿಗೆ ಸಹಿ ಬಿದ್ದ ದಿನ ಬಡಗಿಯನ್ನು ಕರೆಸಿ.